ಕಲಾಯಿ ಹೋದ ಭಟ್ಟಿ

“ರೋಜಾ ನೀರು ಕೆಂಪಗಿರುತ್ತೇನೇ, ಪೊಲೀಸಮ್ಮಾ?”

ಹೂವಿನ ನೀರು ಭಟ್ಟಿ ಇಳಿಸುವ ಮುದುಕಿ ಲಲ್ಲಾ ಖದೂಜಾ ತನ್ನ ಮನೆಯ ಅಂಗಳದಲ್ಲಿ ಸೀಸೆಯನ್ನು ಬಿಸಿಲಿಗೆ ಎತ್ತಿ ಹಿಡಿದಿದ್ದಳು. ಹೆಬ್ಬೆರಳಿನಷ್ಟು ಸೀಸೆ. ಒಳಗೆ ತೆಳು ಹಸಿರು ನೀರು.

ಇನ್‌ಸ್ಪೆಕ್ಟರ್ ಶಾಫಿಯಾಗೆ ಪ್ರಶ್ನೆ ಕೇಳಿ ಗೊತ್ತೇ ಹೊರತು ಉತ್ತರ ಕೊಟ್ಟು ಅಭ್ಯಾಸವಿರಲಿಲ್ಲ. “ಇಲ್ಲ,” ಎಂದಳು. “ಬರೀ ನೀರಿನ ಹಾಗೇ ಇರುತ್ತೆ.”

“ಕಿತ್ತಳೆ ಹೂವಿಂದು?”

“ಅದೂ ಅಷ್ಟೇ.”

“ಮತ್ತೆ ಝಾತರ್ ಸೊಪ್ಪಿನ ನೀರು ಯಾಕೆ ಹಸಿರಾಗಿದೆ ಅಂತ ನಿಮ್ಮ ದೊಡ್ಡ ಡಾಕ್ಟರು ಒಂದು ಸಲಾನೂ ಕೇಳಲಿಲ್ವಾ? ಹಬೆ ಹತ್ತಿ ಬರೋದು ವಾಸನೆ ಕಣಮ್ಮಾ. ಬಣ್ಣ ಅಡೀಲೇ ಉಳಿಯುತ್ತೆ. ಕಾನ್‌ಸ್ಟಂಟೀನ್ ಊರಲ್ಲಿ ಮೂಗು ಒರೆಸಿಕೊಳ್ಳೋಕೆ ಬರದ ಹುಡುಗಿಗೂ ಇದು ಗೊತ್ತು. ಅಲ್ಜೀರ್ಸ್‌ನಿಂದ ಬಂದೋರಿಗೆ ಯಾರು ಹೇಳಬೇಕು!”

ಕಳೆದ ಗುರುವಾರ ಮಧ್ಯಾಹ್ನ ಆಸ್ಪತ್ರೆಯ ಹಿಂಬದಿಯ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ ಪ್ರಯೋಗಾಲಯದ ಹುಡುಗಿ ನುವಾರಾಳ ಬಿಳಿ ಕೋಟಿನ ಜೇಬಿನಲ್ಲಿ ಸಿಕ್ಕಿದ್ದು ಈ ಸೀಸೆ. ಸಾಯುವ ಹಿಂದಿನ ದಿನ ಅವಳು ಬಂದು ಕೂತಿದ್ದು ಇದೇ ಅಂಗಳದಲ್ಲಿ.

ಸೀಸೆಯೊಳಗಿನದು ಇಡೀ ಆಸ್ಪತ್ರೆಯೇ ಕಣ್ಣಿಗೊತ್ತಿಕೊಳ್ಳುತ್ತಿದ್ದ ಔಷಧಿ. ಬ್ರೆಡ್ಡು ಉಬ್ಬಿಸುವ ಯೀಸ್ಟಿನ ದಾಯಾದಿಯೊಂದು ಎರಡು ವರ್ಷದಿಂದ ತೀವ್ರ ನಿಗಾ ಘಟಕದಲ್ಲಿ ಮನೆ ಮಾಡಿತ್ತು. ಕ್ಯಾಂಡಿಡಾ ಆರಿಸ್ ಎಂದು ಅದಕ್ಕೆ ಚಂದದ ಹೆಸರು ಬೇರೆ. ನೆಲ ತೊಳೆದರೆ ಮಂಚದ ಕಂಬಿಗೆ ಹತ್ತುತ್ತಿತ್ತು, ಕಂಬಿ ತೊಳೆದರೆ ಕೊಳವೆಯ ಮೂಲಕ ರಕ್ತಕ್ಕೆ ಇಳಿಯುತ್ತಿತ್ತು. ಇದ್ದಬದ್ದ ಮೂರು ಬಗೆಯ ಔಷಧಿಗೂ ಅದು ಕ್ಯಾರೇ ಎನ್ನುತ್ತಿರಲಿಲ್ಲ. ಪ್ರೊಫೆಸರ್ ಬದ್ರೆದ್ದೀನನ ತಂಡ ಅರವತ್ತೆರಡು ಗಿಡಗಳ ನೀರು, ಎಣ್ಣೆ, ಅಂಟು ಎಲ್ಲವನ್ನೂ ಅದರ ಮೇಲೆ ಸುರಿದು ನೋಡಿತು. ಕೊನೆಗೆ ಗೆದ್ದದ್ದು ಓಮದ ಘಾಟಿನ ಝಾತರ್ ಸೊಪ್ಪು, ಅದೂ ಲಲ್ಲಾ ಖದೂಜಾಳ ಮನೆಯ ಭಟ್ಟಿಯದು ಮಾತ್ರ.

“ಅದೇ ಗುಡ್ಡದ ಸೊಪ್ಪನ್ನ ಬೇರೆ ಮೂವರು ಹೆಂಗಸರ ಹತ್ತಿರ ಇಳಿಸಿದ್ರಂತೆ. ಅದರಿಂದ ಏನೂ ಆಗಲಿಲ್ಲವಂತೆ. ನಿಮ್ಮ ಕೈಗುಣ ಅಂದ್ರು,” ಶಾಫಿಯಾ ಹೇಳಿದಳು.

“ನಾನೂ ಹಾಗೇ ಅಂದ್ಕೊಂಡು ಬೀಗ್ತಿದ್ದೆ,” ಎಂದು ಮುದುಕಿ ಸೀಸೆಯನ್ನು ಕೆಳಗಿಟ್ಟಳು. “ಮೊದಲು ತಿನ್ನು.”

ವಸಂತದ ಮೊದಲ ಭಟ್ಟಿಯ ದಿನ ಬಂದವರು ತಮ್ಮೀನಾ ತಿನ್ನದೆ ಹೋಗುವ ಹಾಗಿಲ್ಲ. ಹುರಿದ ರವೆ, ಬೆಣ್ಣೆ, ಜೇನು. ಹೊಸಿಲಲ್ಲಿ ಧೂಪ ಹಾಕಿದ್ದರು. ರೋಜಾ ತುಂಬಿದ ತಾಮ್ರದ ಭಟ್ಟಿ ಸಣ್ಣ ಉರಿಯ ಮೇಲೆ ಗುಳುಗುಳು ಕುದಿಯುತ್ತಿತ್ತು. ಶಾಫಿಯಾ ಒಂದು ಚಮಚ ಬಾಯಿಗಿಟ್ಟಳು. ಉಳಿದದ್ದನ್ನು ತಟ್ಟೆಯಲ್ಲೇ ಬಿಟ್ಟಳು.

ಹತ್ತೊಂಬತ್ತು ದಿನದಿಂದ ಅವಳ ತಮ್ಮ ರೆದ್ವಾನ್ ಒಂದು ತುತ್ತು ತಿಂದಿರಲಿಲ್ಲ. ಬೈಕಿನಿಂದ ಬಿದ್ದು ತೊಡೆ ಮುರಿದುಕೊಂಡು ಆಸ್ಪತ್ರೆ ಸೇರಿದ ಇಪ್ಪತ್ತನಾಲ್ಕರ ಹುಡುಗನ ಮೂಳೆಯನ್ನೇನೋ ಜೋಡಿಸಿದರು, ರಕ್ತಕ್ಕೆ ಮಾತ್ರ ಆ ಯೀಸ್ಟ್ ಇಳಿಯಿತು. ಈಗ ಒಂಬತ್ತನೇ ಮಂಚದಲ್ಲಿ ಜ್ವರದಲ್ಲಿ ಬೇಯುತ್ತಿದ್ದಾನೆ. ಹಸಿರು ಔಷಧಿಯ ಸರದಿಯಲ್ಲಿ ಅವನು ನಾಲ್ಕನೆಯವನು, ನಾಳೆ ಬೆಳಿಗ್ಗೆ ಮೊದಲ ಡ್ರಿಪ್ಪು. ತಾಯಿ ಹೆದರಿದಾಗ ಶಾಫಿಯಾಳೇ ಸಮಾಧಾನ ಹೇಳಿದ್ದಳು: “ಝಾತರ್ ತಾನೇ ಯಮ್ಮಾ? ಅದರಿಂದ ಯಾರಿಗೆ ಏನಾಗುತ್ತೆ?”

ತಮ್ಮ ಆ ಆಸ್ಪತ್ರೆಯಲ್ಲಿ ಮಲಗಿರುವುದು ಅವಳ ಮೇಲಧಿಕಾರಿಗೆ ಗೊತ್ತು. ಆ ಔಷಧಿಗೆ ಕಾಯುತ್ತಿರುವುದು ಗೊತ್ತಿಲ್ಲ. ಗೊತ್ತಾದ ಗಳಿಗೆಯಲ್ಲಿ ಕಡತ ಅವಳ ಕೈ ತಪ್ಪಿ, “ಕಾಲು ಜಾರಿ ಬಿದ್ದು ಸಾವು” ಎಂಬ ಮೂರ್ನಾಲ್ಕು ಪದಗಳಲ್ಲಿ ಮುಗಿದು ಹೋಗುತ್ತಿತ್ತು. ಹಾಗಾಗಿ ಶಾಫಿಯಾ ಬಾಯಿ ಬಿಟ್ಟಿರಲಿಲ್ಲ. ತಾನು ಮಾಡುತ್ತಿರುವುದು ಸರಿಯಲ್ಲ ಎಂದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಮಾಡುತ್ತಿದ್ದಳು.

“ಲಲ್ಲಾ, ಬುಧವಾರ ನುವಾರಾ ಬಂದಾಗ ಏನು ಕೇಳಿದಳು?”

ಮುದುಕಿ ಎದ್ದು ಮೆಟ್ಟಿಲ ಕೆಳಗಿನ ಗೂಡಿನ ಪರದೆ ಸರಿಸಿದಳು. ಅಲ್ಲಿ ಇನ್ನೊಂದು ಭಟ್ಟಿ ಇತ್ತು, ಚಿಕ್ಕದು, ಕಪ್ಪಿಟ್ಟದ್ದು. ಹತ್ತಿರ ಹೋದರೆ ಝಾತರ್ ಘಾಟು ಮೂಗಿಗೆ ಹೊಡೆಯಿತು.

“ಎರಡು ಭಟ್ಟಿ ಯಾಕೆ?”

“ಒಂದು ಸಲ ಝಾತರ್ ಬೆಂದ ಪಾತ್ರೆಗೆ ರೋಜಾ ಹಾಕಿದ್ರೆ ರೋಜಾ ಕೆಟ್ಟಿತು ಅಂತಲೇ. ಈ ವಾಸನೆ ಏಳು ತಲೆಮಾರು ಬಿಡಲ್ಲ. ಅದಕ್ಕೇ ಇದು ಬೇರೆ. ನನ್ನ ಅತ್ತೆ ತಂದಿದ್ದು.” ಅವಳು ದನಿ ತಗ್ಗಿಸಿದಳು. “ರೋಜಾ ಭಟ್ಟಿಗೆ ವರ್ಷ ವರ್ಷ ಒಳಗೆ ತವರದ ಕಲಾಯಿ ಹಾಕಿಸ್ತೀನಿ. ಆ ನೀರು ಸಿಹಿತಿಂಡಿಗೆ ಹೋಗುತ್ತೆ, ಮದುಮಗಳ ತಲೆ ಮೇಲೆ ಬೀಳುತ್ತೆ. ಇದು ಕೆಮ್ಮಿಗೆ ಒಂದು ಚಮಚ ಕುಡಿಯೋ ನೀರು. ಇದಕ್ಯಾಕೆ ಕಲಾಯಿ ಅಂತ ಬಿಟ್ಟೆ.”

“ಎಷ್ಟು ವರ್ಷ ಆಯ್ತು?”

“ಹನ್ನೆರಡು.”

ಶಾಫಿಯಾ ಭಟ್ಟಿಯ ಮುಚ್ಚಳದ ಉದ್ದನೆಯ ಕೊರಳಿಗೆ ಬೆರಳು ತೂರಿಸಿ ತೆಗೆದಳು. ಬೆರಳಿಗೆ ಹಸಿರು ಮೆತ್ತಿಕೊಂಡಿತ್ತು.

ಕಿಲುಬು.

“ಯಾರಿಗೂ ಹೇಳಬೇಡ ಮಗಳೇ,” ಮುದುಕಿ ಬೇಡಿಕೊಂಡಳು. “ಕಲಾಯಿ ಹೋದ ಭಟ್ಟಿಯವಳು ಅಂತ ಹೆಸರು ಬಂದ್ರೆ ಈ ಓಣೀಲಿ ನಾನು ತಲೆ ಎತ್ತಿ ತಿರುಗೋ ಹಾಗಿಲ್ಲ. ಆ ಹುಡುಗಿ ಕೇಳಿದ ಮೊದಲ ದಿನವೇ ಹೇಳಬೇಕಿತ್ತು. ಎರಡು ವರ್ಷ ಮುಚ್ಚಿಟ್ಟೆ. ಬುಧವಾರ ಅವಳೇ ಬಂದು ನಿನ್ನ ಹಾಗೇ ಬೆರಳು ಹಾಕಿ ನೋಡಿದಳು.”

“ಏನಂದಳು?”

“ಅತ್ತಳು. ಇಲ್ಲೇ, ಈ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ‘ಸೊಪ್ಪಲ್ಲ ಖಾಲಾ, ಪಾತ್ರೆ. ಎರಡು ವರ್ಷ ನಾನು ನಿಮ್ಮ ಪಾತ್ರೆ ಪರೀಕ್ಷೆ ಮಾಡಿದೀನಿ’ ಅಂದಳು.”

ಶಾಫಿಯಾ ಸೀಸೆಯನ್ನು ಜೇಬಿಗೆ ಹಾಕಿಕೊಂಡಳು.

*

ಕಾರಿನಲ್ಲಿ ಕೂತು ಅವಳು ಪೊಲೀಸ್ ಪ್ರಯೋಗಾಲಯದ ಗೆಳತಿಗೆ ಫೋನ್ ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದಳು: ನೀರಿನಲ್ಲಿ ತಾಮ್ರ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೀದಿ ತಿರುವಿನ ಅಂಗಡಿಯಲ್ಲಿ ಗಾಜು ಒರೆಸುವ ಅಮೋನಿಯಾದ ಒಂದು ಬಾಟಲಿ ಕೊಂಡಳು. ಸೇತುವೆ ದಾಟುವಾಗ ಕಾರು ನಿಲ್ಲಿಸಿದಳು. ಕೆಳಗೆ ಕಮರಿ ಬಾಯಿ ತೆರೆದುಕೊಂಡಿತ್ತು.

ಸೀಸೆಯನ್ನು ಇಲ್ಲಿಂದ ಬಿಸಾಡಿದರೆ ಮುಗಿಯಿತು. ಮುದುಕಿ ಸತ್ತರೂ ಬಾಯಿ ಬಿಡುವುದಿಲ್ಲ, ನುವಾರಾ ಸತ್ತೇ ಹೋಗಿದ್ದಾಳೆ. ನಾಳೆ ಬೆಳಿಗ್ಗೆ ರೆದ್ವಾನನಿಗೆ ಔಷಧಿ ಸಿಗುತ್ತದೆ. ಔಷಧಿಯೋ, ವಿಷವೋ? ಯೀಸ್ಟಂತೂ ಸಾಯುತ್ತದೆ. ಅದನ್ನು ಯಾರು ಕೊಂದರೇನು, ಸೊಪ್ಪೋ ತಾಮ್ರವೋ?

ಹೀಗೆಲ್ಲ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹಿಂದಿನ ಕಾರಿನವನು ಹಾರ್ನ್ ಬಾರಿಸಿ, “ಏ ಅಕ್ಕಾ, ಫೋಟೋ ಆಮೇಲೆ ತೆಗಿ!” ಎಂದು ಕೂಗಿದ. ಶಾಫಿಯಾ ಗಾಡಿ ಬಿಟ್ಟಳು.

*

ಪ್ರೊಫೆಸರ್ ಬದ್ರೆದ್ದೀನ್ ಊಟಕ್ಕೆ ಹೋಗಿರಲಿಲ್ಲ. ಮೇಜಿನ ಮೇಲೆ ಗಾಜಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತಿದ್ದ. ಫ್ರಾನ್ಸಿನಲ್ಲಿ ಓದಿದವನು, ಐವತ್ತು ದಾಟಿದವನು, ನೀಟಾಗಿ ಗಡ್ಡ ಕತ್ತರಿಸಿಕೊಂಡವನು. ಶಾಫಿಯಾಳನ್ನು ಕಂಡು ಒಂದು ತಟ್ಟೆ ಮುಂದೆ ತಳ್ಳಿದ.

“ನೋಡಿ ಇನ್‌ಸ್ಪೆಕ್ಟರ್. ಕೆನೆ ಕಟ್ಟಿದ ಹಾಗಿದೆಯಲ್ಲ, ಅದು ಯೀಸ್ಟ್. ನಡುವೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ನಮ್ಮ ಔಷಧಿಯ ಒಂದು ಬಿಲ್ಲೆ ಇಟ್ಟಿದ್ವಿ. ಸುತ್ತ ಗುಡಿಸಿ ಹಾಕಿದೆ.”

“ಆ ಔಷಧಿ ಯಾಕೆ ಹಸಿರು?”

“ಸೊಪ್ಪಿನದು.”

“ರೋಜಾ ನೀರು ಕೆಂಪಗಿರುತ್ತಾ, ಪ್ರೊಫೆಸರ್?”

ಅವನು ನಗಲಿಲ್ಲ. ಕನ್ನಡಕ ತೆಗೆದು ಒರೆಸಲು ಶುರು ಮಾಡಿದ. ಅಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿತು.

ಶಾಫಿಯಾ ಸೀಸೆಯ ಮುಚ್ಚಳ ತೆಗೆದಳು. ಅಂಗಡಿಯ ಅಮೋನಿಯಾವನ್ನು ಹನಿ ಹನಿಯಾಗಿ ಅದರೊಳಗೆ ಬಿಟ್ಟಳು. ಮೊದಲು ನೀರು ಕದಡಿತು. ಆಮೇಲೆ, ಯಾರೋ ಶಾಯಿ ಸುರಿದಂತೆ, ಕಡು ನೀಲಿಯಾಯಿತು.

“ತಾಮ್ರ,” ಎಂದಳು.

“ತಾಮ್ರ,” ಎಂದ ಅವನೂ, ದಣಿದವನಂತೆ. “ಭಟ್ಟಿಯ ನೀರಲ್ಲಿ ಕೊಂಚ ಕೊಂಚ ಇತ್ತು. ನಾವು ಮೂವತ್ತು ಪಾಲು ಬತ್ತಿಸಿ ಒಂದು ಪಾಲು ಮಾಡಿದ್ವಿ. ತಾಮ್ರಾನೂ ಮೂವತ್ತು ಪಟ್ಟು ಆಯ್ತು. ಸೊಪ್ಪು ಇಲ್ಲಿ ನೆಪ ಮಾತ್ರ.”

“ಯಾವಾಗಿಂದ ಗೊತ್ತು?”

“ಬುಧವಾರ ಸಂಜೆಯಿಂದ. ನುವಾರಾ ಬಂದು ಹೇಳಿದಳು.”

“ಗುರುವಾರ ಮಧ್ಯಾಹ್ನ ಸತ್ತಳು.”

“ನಾನು ಕೊಲ್ಲಲಿಲ್ಲ.”

“ಎಲ್ರೂ ಹಾಗೇ ಹೇಳ್ತಾರೆ, ಸಾರ್. ಕೊಂದೋರು ಇನ್ನೂ ಸ್ವಲ್ಪ ಜೋರಾಗಿ ಹೇಳ್ತಾರೆ.”

ಅವನ ಮುಖ ಕೆಂಪಾಯಿತು. “ಗುರುವಾರ ಹನ್ನೊಂದರಿಂದ ಎರಡರ ತನಕ ನಾನು ಸಚಿವಾಲಯದವರ ಮುಂದೆ ಕೂತು ಇದೇ ಔಷಧಿ ಬಗ್ಗೆ ಭಾಷಣ ಬಿಗೀತಿದ್ದೆ. ನಲವತ್ತು ಜನ ಸಾಕ್ಷಿ ಇದಾರೆ. ಬೇಕಾದ್ರೆ ಒಬ್ಬೊಬ್ಬರನ್ನೂ ಕೇಳಿ. ಸುಳ್ಳು ಅಂತ ಗೊತ್ತಿದ್ದೂ ಹೇಳಿದೆ. ಅದಕ್ಕೆ ಬೇಕಾದ್ರೆ ಜೈಲಿಗೆ ಹಾಕಿ.”

“ಅವಳ ಪ್ರಯೋಗದ ದಿನಚರಿಯಿಂದ ಒಂದು ಪುಟ ಹರಿದಿದೆ. ಅದು ನಿಮ್ಮ ಹತ್ತಿರ ಇದೆ.”

“ಇಲ್ಲ. ಅವಳೇ ಹರ್ಕೊಂಡು ಹೋದಳು, ನನ್ನ ಕಣ್ಣೆದುರಿಗೇ.”

“ನಂಬಬೇಕಾ?”

“ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಗುರುವಾರ ಬೆಳಿಗ್ಗೆ ಇಲ್ಲೇ ಜಗಳ ಆಯ್ತು. ಇವತ್ತೇ ಎಲ್ಲ ನಿಲ್ಲಿಸಿ ಅಂದಳು. ಒಂದು ವಾರ ಕೊಡು ಅಂದೆ. ಮೂರು ಜನಕ್ಕೆ ಕೊಟ್ಟಿದೀವಿ, ಲೆಕ್ಕ ನೋಡು ಅಂದೆ.”

“ಏನಾಯ್ತು ಆ ಮೂವರಿಗೆ?”

“ಮೊದಲನೆಯವಳು ಮನೆಗೆ ನಡ್ಕೊಂಡು ಹೋದಳು. ಎರಡನೆಯವನದು ಮೂತ್ರಪಿಂಡ ಹೋಯ್ತು. ಜೀವ ಇದೆ.”

“ಮೂರನೆಯವನು?”

ಬದ್ರೆದ್ದೀನ್ ಕಿಟಕಿಯ ಕಡೆ ನೋಡಿದ. “ಸತ್ತ. ಆದ್ರೆ ಅವನ ರಕ್ತದಲ್ಲಿ ಒಂದು ಯೀಸ್ಟೂ ಇರಲಿಲ್ಲ.”

ಈ ಮನುಷ್ಯ ಇದನ್ನು ಹೇಳುವಾಗ ದನಿಯಲ್ಲಿ ಎಲ್ಲೋ ಒಂದು ಎಳೆ ಹೆಮ್ಮೆಯೂ ಇತ್ತು. ಅದನ್ನು ಕೇಳಿ ಶಾಫಿಯಾಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

“ನಗಬೇಡಿ,” ಎಂದ ಅವನು, ಅವಳು ನಕ್ಕಿರಲಿಲ್ಲವಾದರೂ. “ಔಷಧಿ ಕೊಡದ ಹದಿನಾಲ್ಕು ಜನದಲ್ಲಿ ಹನ್ನೊಂದು ಜನ ಮಣ್ಣಾದ್ರು. ಆ ಹನ್ನೊಂದು ಮನೆಗೆ ಯಾವ ಪೊಲೀಸೂ ಹೋಗಲಿಲ್ಲ. ನಾನು ಹೋದೆ. ಪ್ರತಿ ಮನೇಲೂ ಕಾಫಿ ಕೊಟ್ರು. ಡಾಕ್ಟರೇ, ನೀವು ಕೈಲಾದ್ದು ಮಾಡಿದ್ರಿ ಅಂದ್ರು. ನನ್ನ ಕೈಲಿ ಏನೂ ಆಗಿರಲಿಲ್ಲ. ಆಮೇಲೆ ಒಂದು ದಿನ ಈ ತಟ್ಟೇಲಿ ಈ ಖಾಲಿ ಜಾಗ ಕಾಣಿಸ್ತು. ನೀವಾಗಿದ್ರೆ ಯಾಕೆ ಹಸಿರು ಅಂತ ಕೇಳ್ತಿದ್ರಾ?”

ಅವಳು ಕೇಳುತ್ತಿರಲಿಲ್ಲ. ಬೆಳಿಗ್ಗೆಯ ತನಕ ಅವಳೂ ಕೇಳಿರಲಿಲ್ಲ. ಈ ಊರಿನ ಮಗಳು, ವರ್ಷ ವರ್ಷ ಭಟ್ಟಿಯ ಮುಂದೆ ಕೂತು ಬೆಳೆದವಳು, ಐದು ದಿನ ಆ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದಳು. ಕೇಳಲು ಮನಸ್ಸಿರಲಿಲ್ಲ, ಅಷ್ಟೇ.

“ಪುಟ ಹರ್ಕೊಂಡು ಎಲ್ಲಿಗೆ ಹೋದಳು?”

“ರೋಗಿ ಮನೆಯವರ ಹತ್ತಿರ. ‘ಕೊಡೋದೋ ಬಿಡೋದೋ ನೀವು ತೀರ್ಮಾನ ಮಾಡೋದು ಬೇಡ, ಅವರಿಗೆ ನಿಜ ಹೇಳ್ತೀನಿ, ಅವರು ಬೇಡ ಅಂತಾರೆ, ಆಮೇಲೆ ನೀವು ಹೇಗೆ ಕೊಡ್ತೀರೋ ನೋಡ್ತೀನಿ’ ಅಂದಳು.”

“ಯಾವ ರೋಗಿ?”

“ಮುಂದಿನ ಸರದಿಯೋನು.”

“ಮುಂದಿನ ಸರದಿ ನನ್ನ ತಮ್ಮಂದು. ನನಗೆ ಯಾರೂ ಏನೂ ಹೇಳಲಿಲ್ಲ.”

“ನಿಮಗೆ ಹೇಳಿದಳು ಅಂತ ನಾನೆಲ್ಲಿ ಅಂದೆ?” ಅವನು ಮೆತ್ತಗೆ ಕೇಳಿದ. “ವಾರ್ಡಿನ ಬಾಗಿಲಲ್ಲಿ ಹಗಲೂ ರಾತ್ರಿ ಕೂತಿರೋದು ನೀವಲ್ಲವಲ್ಲ.”

ಅಲ್ಲಿ ಕೂತಿರುವುದು ತಾಯಿ. ಅವಳು ಆ ಯೋಚನೆಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೊದಲು ಮಾಡಬೇಕಾದ ಕೆಲಸ ಬೇರೆ ಇತ್ತು.

“ಅದಿರಲಿ. ನಾಳೆ ಬೆಳಿಗ್ಗೆ ರೆದ್ವಾನನಿಗೆ ಇದನ್ನ ಕೊಡಕೂಡದು. ಈಗಲೇ ಬರೆದು ಕೊಡಿ.”

“ನಾಳೆಯಾ?” ಬದ್ರೆದ್ದೀನ್ ಹುಬ್ಬೇರಿಸಿದ. “ಇವತ್ತು ಎಂಟು ಗಂಟೆಗೇ ಶುರುವಾಯ್ತು. ನಿಮ್ಮ ತಾಯಿ ಬೆಳಿಗ್ಗೆನೇ ಬಂದು, ಈ ಕುರ್ಚೀಲೇ ಕೂತು, ನಾಳೆ ತನಕ ಹುಡುಗ ಇರಲ್ಲ, ಇವತ್ತೇ ಕೊಡಿ ಅಂದ್ರು. ಸಹಿ ಹಾಕಿದ್ರು. ನಿಮಗೆ ಹೇಳೇ ಬಂದಿದಾರೆ ಅಂದ್ಕೊಂಡೆ.”

ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ನಲವತ್ತು. ಹತ್ತಿರ ಹತ್ತಿರ ಐದು ಗಂಟೆ ಕಾಲ, ಹನಿ ಹನಿಯಾಗಿ ಆ ಹಸಿರು ಅವನ ಮೈಗೆ ಇಳಿದಿತ್ತು.

ಶಾಫಿಯಾಳ ಬೆರಳು ಫೋನಿನ ಮೇಲೆ ಎರಡು ಸಲ ತಪ್ಪಿತು. ಮೂರನೇ ಸಲಕ್ಕೆ ತಾಯಿ ಎತ್ತಿದಳು.

“ಶಾಫಿಯಾ! ಜ್ವರ ಇಳಿದಿದೆ ಕಣೇ!” ಹತ್ತೊಂಬತ್ತು ದಿನದಲ್ಲಿ ಯಮ್ಮಾಳ ದನಿ ಹೀಗೆ ಕೇಳಿರಲಿಲ್ಲ. “ಕಣ್ಣು ಬಿಟ್ಟ. ಕೆಸ್ರಾ ರೊಟ್ಟಿ ಬೇಕಂತೆ, ಬಿಸಿ ಬಿಸಿ, ಮನೇದೇ ಬೇಕಂತೆ ರಾಜನಿಗೆ! ಒಲೆ ಹಚ್ಚೋಕೆ ನಿನ್ನ ಚಿಕ್ಕಮ್ಮನಿಗೆ ಹೇಳಿದೀನಿ.”

“ಯಮ್ಮಾ, ನರ್ಸನ್ನ ಕರಿ. ಡ್ರಿಪ್ ನಿಲ್ಲಿಸೋಕೆ ಹೇಳು. ಈಗಲೇ.”

“ಯಾಕೆ?”

“ಅದು ಝಾತರ್ ಅಲ್ಲ. ಅದರಲ್ಲಿ...”

“ತಾಮ್ರ ಇದೆ,” ಎಂದಳು ತಾಯಿ. “ಗೊತ್ತು.”

ಕೋಣೆಯಲ್ಲಿ ಅಮೋನಿಯಾದ ಘಾಟು ತುಂಬಿತ್ತು. ಶಾಫಿಯಾಳ ಕಣ್ಣು ಉರಿಯುತ್ತಿತ್ತು. ಎದುರಿಗೆ ಪ್ರೊಫೆಸರ್ ವಾರ್ಡಿನ ಫೋನು ಕೈಗೆತ್ತಿಕೊಂಡು, ಒಂದು ಮಾತು ಹೇಳಿದರೆ ಸಾಕು, ನಿಲ್ಲಿಸುತ್ತೇನೆ ಎನ್ನುವಂತೆ ಅವಳನ್ನೇ ನೋಡುತ್ತಿದ್ದ.

“ಯಾರು ಹೇಳಿದ್ದು ನಿನಗೆ?”

“ಆ ಹುಡುಗಿ. ಬಿಳಿ ಕೋಟಿನೋಳು. ಗುರುವಾರ ಬಂದಿದ್ದಳು. ಕಾಗದ ತೋರಿಸಿ ಎಲ್ಲ ಬಿಡಿಸಿ ಹೇಳಿದಳು. ಒಳ್ಳೆ ಹುಡುಗಿ, ಪಾಪ, ಅತ್ತಳು. ಒಬ್ಬಳು ಬದುಕಿದಾಳೆ, ಒಬ್ಬ ಅರ್ಧ ಬದುಕಿದಾನೆ, ಒಬ್ಬ ಹೋದ ಅಂದಳು. ನಾನಂದೆ, ಕೊಡದಿದ್ರೆ ನನ್ನ ಮಗ ಹೋಗೇ ಹೋಗ್ತಾನೆ, ಕೊಟ್ರೆ ಮೂರರಲ್ಲಿ ಎರಡು. ಕೊಡಿ ಅಂದೆ. ಅವಳು ಹಾಗಂತೀನಿ ಅಂದ್ಕೊಂಡಿರಲಿಲ್ಲ ಅಂತ ಕಾಣುತ್ತೆ. ಎದ್ದು ನಿಂತಳು. ನೀವು ಬೇಡ ಅನ್ನದಿದ್ರೆ ನಾನೇ ಹೋಗಿ ನಿರ್ದೇಶಕರಿಗೆ ಹೇಳ್ತೀನಿ, ಇವತ್ತೇ ನಿಲ್ಲಿಸ್ತೀನಿ ಅಂತ ಹೊರಟಳು.”

“ಆಮೇಲೆ?” ಎಂದಳು ಶಾಫಿಯಾ.

ತಾಯಿ ಉತ್ತರಿಸುವ ಮೊದಲೇ ಆ ಕಡೆಯಿಂದ ಇನ್ನೊಂದು ದನಿ ತೇಲಿ ಬಂತು, ಒಣಗಿದ, ಕ್ಷೀಣವಾದ, ಆದರೂ ತುಂಟತನ ಬಿಡದ ದನಿ: “ಯಾರು, ಅಕ್ಕಾನಾ? ಬರುವಾಗ ಆಲಿವ್ ತರೋಕೆ ಹೇಳು. ಅವಳೊಬ್ಬಳೇ ತಿನ್ನೋದು ಬೇಡ.”

ಶಾಫಿಯಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಕೇಳಿಸ್ತಾ?” ತಾಯಿ ಕೇಳಿದಳು. ಅವಳ ದನಿಯಲ್ಲೀಗ ಸಂತೋಷವೂ ಇರಲಿಲ್ಲ, ಭಯವೂ ಇರಲಿಲ್ಲ. “ಅವಳ ಹಿಂದೆ ಹೋದೆ ಕಣೇ. ಹಿಂದಿನ ಮೆಟ್ಟಿಲ ತನಕ ಹೋದೆ. ಕಾಲು ಹಿಡ್ಕೊಂಡೆ. ನಿಲ್ಲಿಸೇ ನಿಲ್ಲಿಸ್ತೀನಿ ಅಂದಳು. ಇಳಿದು ಹೋಗೋಕೆ ನಾನು ಬಿಡಲಿಲ್ಲ. ಈಗ ನೀನು ಹೇಳು ಮಗಳೇ, ನೀನೂ ನಿಲ್ಲಿಸ್ತೀಯಾ?”